ಹತ್ತು ಜನರ ಹುಲ್ಲುಕಡ್ಡಿ

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆಯನ್ನು ನೀವು ಕೇಳಿರಬಹುದು. ಹತ್ತು ಮಂದಿ ಒಂದೊಂದು ಹುಲ್ಲುಕಡ್ಡಿಯನ್ನು ಕೊಟ್ಟರೆ ಅವೆಲ್ಲ ಸೇರಿ ಒಬ್ಬನು ತಲೆಯ ಮೇಲೆ ಹೊತ್ತು ನಡೆಯುವಷ್ಟು ಹೊರೆಯಾಗುತ್ತದೆ. ಕೊಟ್ಟವನ ಬಣವೆಯಲ್ಲಿ ಕಡಿಮೆಯಾದದ್ದು ಒಂದೇ ಕಡ್ಡಿ. ಪಡೆದವನ ಹಸುವಿಗೆ ದೊರೆತದ್ದು ಒಂದು ದಿನದ ಮೇವು. ನಮ್ಮ ಹಿರಿಯರು ಈ ಮಾತನ್ನು ಬರಿಯ ಬಾಯಿಮಾತಾಗಿ ಉಳಿಸಲಿಲ್ಲ. ನಾಟಿಯ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ‘ಮುಯ್ಯಾಳು’ ಎಂಬ ಪದ್ಧತಿಯನ್ನು ನಡೆಸಿಕೊಂಡು ಬಂದರು. ಈ ದಿನ ನೆರೆಹೊರೆಯವರೆಲ್ಲ ನನ್ನ ಗದ್ದೆಗೆ ಬಂದು ದುಡಿದರೆ, ನಾಳೆ ಅವರ ಗದ್ದೆಗೆ ನಾನು ಹೋಗಿ ದುಡಿಯಬೇಕು. ಕೂಲಿಯ ಮಾತಿಲ್ಲ, ಒಪ್ಪಂದದ ಕಾಗದವಿಲ್ಲ, ಇರುವುದು ಪರಸ್ಪರ ನಂಬಿಕೆಯೊಂದೇ.

ಇಂಥ ಪದ್ಧತಿಯನ್ನು ಹೊಗಳುವುದು ಸುಲಭ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ಮುಯ್ಯಾಳಾಗಿ ಬರಬೇಕಾದವನಿಗೆ ಅದೇ ದಿನ ಜ್ವರ ಬಂದರೆ? ಅವನ ಮನೆಯಲ್ಲಿ ಸಾವು ಸಂಭವಿಸಿದರೆ? ಕುಡುಗೋಲಿನ ಹಿಡಿ ಮುರಿದುಹೋದರೆ? ಬೆಳೆಯಂತೂ ಕಾಯುವುದಿಲ್ಲ. ಸಹಕಾರದ ನಿಜವಾದ ಪರೀಕ್ಷೆ ಎಲ್ಲರೂ ಬಂದ ದಿನ ನಡೆಯುವುದಲ್ಲ. ಒಬ್ಬನು ಬಾರದೆ ಹೋದ ದಿನ ನಡೆಯುವುದು. ಈ ಪರೀಕ್ಷೆಯನ್ನು ನಮ್ಮ ಕಾಲದ ಒಂದು ಹೊಸ ಬಗೆಯ ಮುಯ್ಯಾಳು ಹೇಗೆ ಎದುರಿಸಿತು ಎಂಬುದನ್ನು ಈ ಪಾಠದಲ್ಲಿ ನೋಡೋಣ. ಇಲ್ಲಿ ಗದ್ದೆಯ ಬದಲು ವಿಜ್ಞಾನವಿದೆ. ಕುಡುಗೋಲಿನ ಬದಲು ಗಣಕಯಂತ್ರವಿದೆ. ಮನುಷ್ಯರು ಮಾತ್ರ ಅವರೇ.

ವಿಜ್ಞಾನದ ಕೆಲವು ಲೆಕ್ಕಗಳು ಬಹಳ ದೊಡ್ಡವು. ಮುಂಗಾರಿನ ಗತಿಯನ್ನು ಲೆಕ್ಕ ಹಾಕುವುದು, ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ಕಂಡುಹಿಡಿಯುವುದು, ನಮ್ಮ ದೇಹದ ಪ್ರೋಟೀನ್ ಕಣ ಹೇಗೆ ಮಡಿಚಿಕೊಳ್ಳುತ್ತದೆಂದು ತಿಳಿಯುವುದು, ಇವು ಒಂದು ಯಂತ್ರ ವರ್ಷಗಟ್ಟಲೆ ದುಡಿದರೂ ಮುಗಿಯದ ಕೆಲಸಗಳು. ಆದ್ದರಿಂದ ವಿಜ್ಞಾನಿಗಳು ಕೆಲಸವನ್ನು ತುಣುಕುಗಳಾಗಿ ಒಡೆದು, ಹಲವು ಸಂಸ್ಕಾರಕಗಳಿಗೆ ಹಂಚಿ, ಒಂದೇ ಕಾಲಕ್ಕೆ ಮಾಡಿಸುವ ಉಪಾಯವನ್ನು ಕಂಡುಕೊಂಡರು. ನಮ್ಮ ಬೆಂಗಳೂರಿನಲ್ಲೇ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಯಂತ್ರವನ್ನು ಇದೇ ತತ್ತ್ವದ ಮೇಲೆ ಕಟ್ಟಿದರು. ನಮ್ಮ ದೇಶದಲ್ಲಿ ಈ ಬಗೆಯ ಗಣಕಗಳಿಗೆ ಅದು ನಾಂದಿಯಾಯಿತು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಪರಮ್ ಪ್ರವೇಗ’ ಎಂಬ ಮಹಾಗಣಕ ಕೆಲಸಕ್ಕೆ ತೊಡಗಿತು. ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕಗಳನ್ನು ಮಾಡುವ ಶಕ್ತಿ ಅದಕ್ಕುಂಟು.

ಆದರೆ ಮಹಾಗಣಕವನ್ನು ಕಟ್ಟಲು ಅಪಾರ ಹಣ ಬೇಕು. ಹಣವಿಲ್ಲದ ಸಂಶೋಧಕ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದವರ ಗಮನ ಜನರ ಮನೆಗಳ ಕಡೆಗೆ ಹರಿಯಿತು. ಲಕ್ಷಾಂತರ ಮನೆಗಳಲ್ಲಿ ಗಣಕಯಂತ್ರಗಳಿವೆ. ಪತ್ರ ಬರೆಯುವಾಗ ಅದರ ಶಕ್ತಿಯ ಅತ್ಯಲ್ಪ ಭಾಗ ಮಾತ್ರ ಬಳಕೆಯಾಗುತ್ತದೆ. ಒಡೆಯನು ಊಟಕ್ಕೆ ಎದ್ದು ಹೋದಾಗ ಅಷ್ಟೂ ಬಳಕೆಯಾಗುವುದಿಲ್ಲ. ಆ ಬಿಡುವನ್ನು ಬೇಡಿ ಪಡೆಯಬಾರದೇಕೆ? ದೊಡ್ಡ ಲೆಕ್ಕವನ್ನು ಒಡೆದು ಅಂತರಜಾಲದ ಮೂಲಕ ಮನೆಮನೆಗೆ ಕಳುಹಿಸಿ, ಉತ್ತರಗಳನ್ನು ತಿರುಗಿ ಪಡೆದು ಜೋಡಿಸಬಾರದೇಕೆ? ಹೀಗೆ ಹುಟ್ಟಿತು ಸ್ವಯಂಸೇವಕರ ಹಂಚಿಕೆಯ ಗಣನೆ.

1996ರಲ್ಲಿ ಅಮೆರಿಕದ ಜಾರ್ಜ್ ವೋಲ್ಟ್‌ಮನ್ ಎಂಬವರು ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ‘ಗಿಂಪ್ಸ್’ ಎಂಬ ಯೋಜನೆಯನ್ನು ಆರಂಭಿಸಿದರು. ಎರಡನ್ನು ಎರಡರಿಂದಲೇ ಮತ್ತೆ ಮತ್ತೆ ಗುಣಿಸಿ, ಬಂದ ಲಬ್ಧದಿಂದ ಒಂದನ್ನು ಕಳೆಯಿರಿ. 3, 7, 31 ಹೀಗೆ ಕೆಲವೊಮ್ಮೆ ಅವಿಭಾಜ್ಯ ಸಂಖ್ಯೆ ದೊರೆಯುತ್ತದೆ. 15ರಂತೆ ಹಲವೊಮ್ಮೆ ದೊರೆಯುವುದಿಲ್ಲ. ಇಂಥ ಸಂಖ್ಯೆಗಳಿಗೆ ಮೆರ್ಸೆನ್ ಸಂಖ್ಯೆಗಳೆಂದು ಹೆಸರು. ಲಕ್ಷಾಂತರ ಅಂಕಿಗಳುಳ್ಳ ಒಂದೊಂದು ಸಂಖ್ಯೆಯನ್ನು ಒಬ್ಬೊಬ್ಬ ಸ್ವಯಂಸೇವಕನು ಪರೀಕ್ಷಿಸಲು ವಹಿಸಿಕೊಳ್ಳುತ್ತಾನೆ.

1999ರ ಮೇ 17ರಂದು ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ‘ಸೆಟಿ ಅಟ್ ಹೋಮ್’ ಎಂಬ ಯೋಜನೆ ಹೊರಟಿತು. ಭೂಮಿಯ ಆಚೆ ಬುದ್ಧಿಜೀವಿಗಳಿದ್ದು ರೇಡಿಯೋ ಸಂಕೇತಗಳನ್ನು ಕಳುಹಿಸುತ್ತಿದ್ದಾರೆಯೆ ಎಂದು ಹುಡುಕುವುದು ಅದರ ಉದ್ದೇಶ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕವೆಂದರೇನೆಂಬುದು ನಮ್ಮ ನಾಡಿಗೆ ಹೊಸತಲ್ಲ. ಗೌರಿಬಿದನೂರಿನ ಬಳಿ 1970ರ ದಶಕದಲ್ಲೇ ಸಾವಿರ ಚಿಕ್ಕ ಆಂಟೆನಾಗಳನ್ನು ಸಾಲಾಗಿ ನಿಲ್ಲಿಸಿ ಅಂಥದೊಂದನ್ನು ಕಟ್ಟಿದ್ದರು. ಸೆಟಿ ಯೋಜನೆಗೆ ಬೇಕಾದ ಮಾಹಿತಿ ಬರುತ್ತಿದ್ದುದು ಪೋರ್ಟೊ ರಿಕೊ ದ್ವೀಪದ ಅರೆಸಿಬೊದಲ್ಲಿದ್ದ, 305 ಮೀಟರ್ ಅಗಲದ ಬಟ್ಟಲಿನಂಥ ದೂರದರ್ಶಕದಿಂದ. ಮೊದಲ ವರ್ಷಗಳಲ್ಲಿ ಆ ಮಾಹಿತಿಯನ್ನು ಟೇಪುಗಳಲ್ಲಿ ತುಂಬಿ ಅಂಚೆಯ ಮೂಲಕ ಬರ್ಕ್ಲಿಗೆ ಕಳುಹಿಸುತ್ತಿದ್ದರು. ಅಲ್ಲಿ ಅದನ್ನು ಕೇವಲ 107 ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಜಗತ್ತಿನ ಮನೆಮನೆಗೆ ಹಂಚುತ್ತಿದ್ದರು. ಇಂಥ ತುಣುಕುಗಳನ್ನು ಕಾಲಕ್ರಮದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಪಡೆದು ದುಡಿದರು.

ಇದರ ಶಕ್ತಿ ಎಷ್ಟೆಂಬುದು 2020ರಲ್ಲಿ ಪ್ರಪಂಚಕ್ಕೆ ತಿಳಿಯಿತು. ಕೊರೋನಾ ಮಹಾಮಾರಿ ಹರಡಿದಾಗ, ಪ್ರೋಟೀನುಗಳ ಚಲನೆಯನ್ನು ಅಧ್ಯಯನ ಮಾಡುವ ‘ಫೋಲ್ಡಿಂಗ್ ಅಟ್ ಹೋಮ್’ ಯೋಜನೆಗೆ ಜನ ತಂಡೋಪತಂಡವಾಗಿ ಸೇರಿದರು. ಸುಮಾರು 30 ಸಾವಿರದಷ್ಟಿದ್ದ ಯಂತ್ರಗಳ ಸಂಖ್ಯೆ ಕೆಲವೇ ತಿಂಗಳುಗಳಲ್ಲಿ ಹತ್ತು ಲಕ್ಷವನ್ನು ಮೀರಿತು. ಆ ಏಪ್ರಿಲ್ ತಿಂಗಳಲ್ಲಿ ಅವುಗಳ ಒಟ್ಟು ವೇಗ ಸೆಕೆಂಡಿಗೆ ಸುಮಾರು 24 ಸಾವಿರ ಕೋಟಿ ಕೋಟಿ ಲೆಕ್ಕಗಳೆಂದು ಅಂದಾಜು ಮಾಡಲಾಯಿತು. ‘ಪರಮ್ ಪ್ರವೇಗ’ದ ಸಂಖ್ಯೆಯ ಪಕ್ಕದಲ್ಲಿ ಈ ಸಂಖ್ಯೆಯನ್ನಿಟ್ಟು ನೋಡಿ. ಹುಲ್ಲುಕಡ್ಡಿಗಳ ಹೊರೆ ಎಷ್ಟು ದೊಡ್ಡದಾಗಬಲ್ಲದೆಂಬುದು ವಿದಿತವಾಗುತ್ತದೆ.

ಇಂಥ ಯೋಜನೆಗಳಲ್ಲಿ ಸ್ವಯಂಸೇವಕರು ತಂಡ ಕಟ್ಟಿಕೊಳ್ಳುವುದುಂಟು. ಊರಿನ ಹೆಸರಿನಲ್ಲಿ, ಕಾಲೇಜಿನ ಹೆಸರಿನಲ್ಲಿ, ದೇಶದ ಹೆಸರಿನಲ್ಲಿ ತಂಡಗಳಿವೆ. ಮುಗಿಸಿಕೊಟ್ಟ ಕೆಲಸಕ್ಕೆ ಅಂಕಗಳುಂಟು. ಆ ಅಂಕಗಳಿಂದ ಅಕ್ಕಿಬೇಳೆ ಬರುವುದಿಲ್ಲ. ‘ನಾನೂ ಒಂದು ಕಡ್ಡಿ ಕೊಟ್ಟೆ’ ಎಂಬ ತೃಪ್ತಿ ಬರುತ್ತದೆ, ಅಷ್ಟೆ. ತಂಡದ ಸದಸ್ಯರು ಒಬ್ಬರ ಮುಖವನ್ನೊಬ್ಬರು ಕಾಣದೆಯೂ ವರ್ಷಗಟ್ಟಲೆ ಜೊತೆಯಾಗಿ ದುಡಿಯುತ್ತಾರೆ.

ಈಗ ಅಂಥ ಒಬ್ಬ ಸದಸ್ಯನ ಮನೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಪಶ್ಚಿಮಕ್ಕೆ, ವಿಜಯನಗರದ ಮಗ್ಗುಲಿನಲ್ಲಿ ಅತ್ತಿಗುಪ್ಪೆ ಎಂಬ ಬಡಾವಣೆಯಿದೆ. ಆ ಹಳೆಯ ಊರು ಈಗ ಮೆಟ್ರೋ ರೈಲಿನ ಒಂದು ನಿಲ್ದಾಣ. ಅಲ್ಲಿನ ಒಂದು ಅಡ್ಡರಸ್ತೆಯ ಎರಡನೆಯ ಮಹಡಿಯ ಬಾಡಿಗೆ ಮನೆ. ನಡುಮನೆಯ ಮೂಲೆಯಲ್ಲಿ ಒಂದು ಗಣಕಯಂತ್ರ. ಮನೆಯಾತ ಅದನ್ನು ರಾತ್ರಿಯೆಲ್ಲ ಉರಿಸಿ ಲೆಕ್ಕ ಮಾಡಿಸುತ್ತಾನೆ. ಅವನ ತಂಡದವರು ಒಬ್ಬರು ಕೆಂಗೇರಿಯಲ್ಲಿದ್ದಾರೆ, ಒಬ್ಬರು ಧಾರವಾಡದಲ್ಲಿದ್ದಾರೆ, ಮತ್ತೊಬ್ಬರು ಕಡಲಾಚೆ ಇದ್ದಾರೆ ಎಂದಿಟ್ಟುಕೊಳ್ಳಿ.

ಈ ಯಂತ್ರಕ್ಕೆ ಬರುವ ಕಷ್ಟಗಳು ಒಂದೆರಡಲ್ಲ. ಮೊದಲನೆಯದು ಧೂಳು. ವಾಹನಗಳ ರಸ್ತೆಯಿಂದ ಏಳುವ ಧೂಳು ಕಿಟಕಿಯ ಪರದೆಯನ್ನು ದಾಟಿ ಬಂದು ಯಂತ್ರದೊಳಗಿನ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಫ್ಯಾನು ನಿಧಾನವಾದರೆ ಸಂಸ್ಕಾರಕ ಕಾಯುತ್ತದೆ. ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸುತ್ತದೆ, ಇಲ್ಲವೆ ಒಮ್ಮೆಲೇ ನಿಂತುಬಿಡುತ್ತದೆ. ಎರಡನೆಯದು ವಿದ್ಯುತ್ತು. ಏಪ್ರಿಲ್ ತಿಂಗಳ ಸಂಜೆಯ ಗುಡುಗುಮಳೆಗೆ ಕರೆಂಟು ಹೋಗುವುದು, ಬರುವುದು, ಬಂದಾಗ ವೋಲ್ಟೇಜು ಏರಿಳಿಯುವುದು ಬೆಂಗಳೂರಿಗೆ ಅಪೂರ್ವವಲ್ಲ. ಯುಪಿಎಸ್ಸಿನ ಬ್ಯಾಟರಿ ಎರಡು ಮೂರು ವರ್ಷಗಳಲ್ಲಿ ಸವೆಯುತ್ತದೆ. ವಿದ್ಯುತ್ತನ್ನು ಹದಗೊಳಿಸಿ ಕೊಡುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ ಒಂದು ದಿನ ಸುಟ್ಟ ವಾಸನೆ ಬೀರಿ ಮೌನವಾಗುತ್ತದೆ. ಹಾರ್ಡ್ ಡಿಸ್ಕು ‘ಟಕ್ ಟಕ್’ ಎಂದು ಶಬ್ದ ಮಾಡತೊಡಗಿದರೆ ಅದರ ಆಯುಷ್ಯ ಮುಗಿಯುತ್ತ ಬಂತೆಂದೇ ಅರ್ಥ. ಆಗ ಎಸ್.ಪಿ. ರಸ್ತೆಯ ಅಂಗಡಿಸಾಲಿಗೆ ಹೋಗಿ ಹೊಸತನ್ನೋ ಹಳೆಯದನ್ನೋ ತರಬೇಕು. ತರಲು ಕೈಯಲ್ಲಿ ಹಣವಿರಬೇಕು.

ಹಣದ ಮಾತು ಬಂದಾಗ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸುವುದು ಒಳ್ಳೆಯದು. ಬಿಡುವಿನ ಗಣಕಶಕ್ತಿಯನ್ನು ದಾನ ಮಾಡುವುದರಿಂದ ಖರ್ಚೇನೂ ಇಲ್ಲವೆಂದು ಕೆಲವರು ತಿಳಿಯುತ್ತಾರೆ. ಅದು ನಿಜವಲ್ಲ. ಸುಮ್ಮನಿರುವ ಯಂತ್ರಕ್ಕಿಂತ ದುಡಿಯುವ ಯಂತ್ರ ಹೆಚ್ಚು ವಿದ್ಯುತ್ತನ್ನು ಉಣ್ಣುತ್ತದೆ. 150 ವ್ಯಾಟ್ ಬಳಸುವ ಯಂತ್ರವೊಂದು ಹಗಲಿರುಳು ನಡೆದರೆ ದಿನಕ್ಕೆ 3.6 ಯೂನಿಟ್ ಆಗುತ್ತದೆ. 30 ದಿನಗಳಿಗೆ 108 ಯೂನಿಟ್. ಸಾಧಾರಣ ಕುಟುಂಬಕ್ಕೆ ಇದು ಗಮನಿಸದೆ ಬಿಡುವ ಮೊತ್ತವಲ್ಲ. ಆದುದರಿಂದ ಮನೆಯ ಹಿರಿಯರ ಒಪ್ಪಿಗೆಯಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಶಾಲೆಯ ಅಥವಾ ಕಚೇರಿಯ ಯಂತ್ರವನ್ನು ಅದರ ಹೊಣೆಗಾರರ ಅನುಮತಿಯಿಲ್ಲದೆ ಬಳಸುವುದು ದಾನವಲ್ಲ. ಪರರ ಬಣವೆಯಿಂದ ಕಡ್ಡಿ ಕಿತ್ತು ಕೊಟ್ಟಂತೆ.

ಯಂತ್ರದ ಕಷ್ಟಗಳಿಗಿಂತ ದೊಡ್ಡವು ಬಾಳಿನ ಕಷ್ಟಗಳು. ತಂದೆಗೆ ಪಾರ್ಶ್ವವಾಯು ಬಡಿಯುತ್ತದೆ. ಆಸ್ಪತ್ರೆಗೂ ಮನೆಗೂ ಓಡಾಡುವುದರಲ್ಲಿ ತಿಂಗಳುಗಳು ಕಳೆಯುತ್ತವೆ. ಕೆಲಸ ಹೋಗುತ್ತದೆ, ಮೊದಲು ಕಡಿತಗೊಳ್ಳುವುದು ಇಂಥ ಹವ್ಯಾಸದ ಖರ್ಚೇ. ಬಾಡಿಗೆಯ ಮನೆಯನ್ನು ಬಿಡಬೇಕಾಗುತ್ತದೆ. ಗಣಕಯಂತ್ರ ರಟ್ಟಿನ ಪೆಟ್ಟಿಗೆಯನ್ನು ಸೇರಿ ಅಲ್ಲಿಯೇ ಉಳಿಯುತ್ತದೆ. ಮನೆಯಲ್ಲಿ ಮಗು ಹುಟ್ಟುತ್ತದೆ. ಅದು ಸಂತೋಷದ ಸಂಗತಿಯೇ ಆದರೂ ರಾತ್ರಿಯೆಲ್ಲ ಗುಂಯ್‌ಗುಡುವ ಯಂತ್ರಕ್ಕೆ ಆ ಕೋಣೆಯಲ್ಲಿ ಸ್ಥಳವಿಲ್ಲ. ಕೊನೆಗೆ, ಸದಸ್ಯನೇ ಇಲ್ಲವಾಗುವುದೂ ಉಂಟು. ತಂಡದ ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ ಅಂಕಗಳು ಏರುವುದು ಒಂದು ದಿನ ನಿಲ್ಲುತ್ತದೆ. ಸಾವಿರಾರು ಮೈಲಿಯಾಚೆಯ ಜೊತೆಗಾರರಿಗೆ ಕಾಣುವುದು ಅಷ್ಟೇ. ಅಂಕಿ ಏಕೆ ನಿಂತಿತೆಂಬುದನ್ನು ಅಂಕಿ ಹೇಳುವುದಿಲ್ಲ.

ಹೀಗೆ ಪ್ರತಿದಿನವೂ ಸಾವಿರಾರು ಯಂತ್ರಗಳು ಕೆಡುತ್ತಿದ್ದರೂ, ಸಾವಿರಾರು ಜನ ಹಿಂದೆ ಸರಿಯುತ್ತಿದ್ದರೂ ಆ ಕೆಲಸಗಳು ವರ್ಷಗಟ್ಟಲೆ ನಿಲ್ಲದೆ ನಡೆದು ಬಂದವು. ಹೇಗೆ? ಈ ವ್ಯವಸ್ಥೆಯನ್ನು ರೂಪಿಸಿದವರು ‘ಯಾರೂ ತಪ್ಪಿಸಿಕೊಳ್ಳಬಾರದು’ ಎಂಬ ನಿಯಮವನ್ನು ಮಾಡಲಿಲ್ಲ. ‘ಯಾರಾದರೂ ತಪ್ಪಿಹೋಗಿಯೇ ತೀರುತ್ತಾರೆ’ ಎಂಬುದನ್ನು ಮೊದಲೇ ಒಪ್ಪಿಕೊಂಡರು. ಬರ್ಕ್ಲಿಯ ಡೇವಿಡ್ ಆಂಡರ್ಸನ್ ಮತ್ತು ಅವರ ಸಂಗಡಿಗರು 2002ರಿಂದ ರೂಪಿಸಿದ ‘ಬಾಯಿಂಕ್’ ಎಂಬ ತಂತ್ರಾಂಶದಲ್ಲಿ ಈ ಒಪ್ಪಿಗೆಯನ್ನು ಸ್ಪಷ್ಟವಾಗಿ ಕಾಣಬಹುದು.

ಅದರಲ್ಲಿ ನಾಲ್ಕು ಏರ್ಪಾಡುಗಳು ಗಮನಾರ್ಹವಾದುವು. ಮೊದಲನೆಯದಾಗಿ, ಕೆಲಸದ ತುಣುಕುಗಳು ಚಿಕ್ಕವು. ಒಂದು ತುಣುಕು ಹಾಳಾದರೆ ಹೊರೆಯಲ್ಲಿ ಒಂದು ಕಡ್ಡಿ ಕಡಿಮೆಯಾಯಿತೇ ಹೊರತು ಹೊರೆಯೇ ಬಿದ್ದುಹೋಗಲಿಲ್ಲ. ಎರಡನೆಯದಾಗಿ, ಲೆಕ್ಕ ನಡೆಯುತ್ತಿರುವಾಗ ಯಂತ್ರವು ಆಗಾಗ ತಾನು ಎಲ್ಲಿಗೆ ಬಂದಿದ್ದೇನೆಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಕರೆಂಟು ಹೋಗಿ ಬಂದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ; ಕೊನೆಯ ಗುರುತಿನಿಂದ ಮುಂದುವರಿದರೆ ಸಾಕು. ಮೂರನೆಯದಾಗಿ, ಪ್ರತಿಯೊಂದು ತುಣುಕಿಗೂ ಒಂದು ಗಡುವು ಉಂಟು. ಆ ದಿನದೊಳಗೆ ಉತ್ತರ ಬಾರದಿದ್ದರೆ ಕೇಂದ್ರವು ಕಾರಣವನ್ನು ಕೇಳುವುದಿಲ್ಲ, ದಂಡವನ್ನು ಹಾಕುವುದಿಲ್ಲ. ಅದೇ ತುಣುಕನ್ನು ಸದ್ದಿಲ್ಲದೆ ಬೇರೊಬ್ಬರಿಗೆ ಕಳುಹಿಸುತ್ತದೆ. ನಾಲ್ಕನೆಯದಾಗಿ, ನಿಂತುಹೋದವನ ಹಿಂದಿನ ಅಂಕಗಳನ್ನು ಅಳಿಸುವುದಿಲ್ಲ. ಅವನು ಎರಡು ವರ್ಷಗಳ ಬಳಿಕ ಬಂದರೂ ಅವನ ಹೆಸರು, ಅವನ ಲೆಕ್ಕ ಅಲ್ಲಿಯೇ ಇರುತ್ತವೆ.

ಇನ್ನೊಂದು ಮಾತಿದೆ. ನಿಂತುಹೋದ ಯಂತ್ರಕ್ಕಿಂತ ತಪ್ಪು ಹೇಳುವ ಯಂತ್ರ ಹೆಚ್ಚು ಅಪಾಯಕರ. ಬೇಸಗೆಯ ಸೆಕೆಯಲ್ಲಿ ಕಾದುಹೋದ, ಅಥವಾ ಮೆಮೊರಿ ಕೆಟ್ಟ ಯಂತ್ರವೊಂದು ನಿಲ್ಲದೆಯೇ ತಪ್ಪು ಉತ್ತರವನ್ನು ಕೊಟ್ಟುಬಿಡಬಹುದು. ಹೊರಗೆ ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಇದಕ್ಕಾಗಿಯೇ ಅನೇಕ ಯೋಜನೆಗಳಲ್ಲಿ ಒಂದೇ ತುಣುಕನ್ನು ಪರಸ್ಪರ ಪರಿಚಯವಿಲ್ಲದ ಇಬ್ಬರಿಗೆ ಕೊಡುತ್ತಾರೆ. ಇಬ್ಬರ ಉತ್ತರವೂ ಒಂದೇ ಆದರೆ ಮಾತ್ರ ಸ್ವೀಕಾರ, ಭಿನ್ನವಾದರೆ ಮೂರನೆಯವರಿಗೆ. ಗಿಂಪ್ಸ್ ಯೋಜನೆಯವರು ಬಹುಕಾಲ ಒಂದೊಂದು ಸಂಖ್ಯೆಯನ್ನೂ ಎರಡೆರಡು ಸಲ ಪರೀಕ್ಷೆ ಮಾಡಿಸುತ್ತಿದ್ದರು. 2018ರಿಂದೀಚೆಗೆ, ಯಂತ್ರದ ತಪ್ಪನ್ನು ಲೆಕ್ಕದ ನಡುವೆಯೇ ಹಿಡಿದುಹಾಕುವ ಗಣಿತದ ಉಪಾಯವೊಂದನ್ನು ಬಳಕೆಗೆ ತಂದರು.

ಇಬ್ಬರಿಗೆ ಕೊಡುವ ಈ ನಿಯಮ 2010ರಲ್ಲಿ ಒಂದು ಸುಂದರವಾದ ಫಲವನ್ನು ಕೊಟ್ಟಿತು. ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆಯಲ್ಲಿ ಅರೆಸಿಬೊದ ಹಳೆಯ ಮಾಹಿತಿಯನ್ನು ಶೋಧಿಸುತ್ತಿದ್ದಾಗ, ಸೆಕೆಂಡಿಗೆ ಸುಮಾರು 41 ಸಲ ಸುತ್ತುವ, ಅದುವರೆಗೆ ಯಾರೂ ಕಾಣದ ಒಂದು ಪಲ್ಸಾರ್ ನಕ್ಷತ್ರ ಪತ್ತೆಯಾಯಿತು. ಅದರ ತುಣುಕು ಹೋಗಿದ್ದುದು ಅಮೆರಿಕದ ಅಯೋವಾ ರಾಜ್ಯದ ಕ್ರಿಸ್ ಮತ್ತು ಹೆಲೆನ್ ಕಾಲ್ವಿನ್ ದಂಪತಿಗಳ ಮನೆಗೆ, ಮತ್ತು ಜರ್ಮನಿಯ ಮೈಂಜ್ ನಗರದ ಡೇನಿಯಲ್ ಗೆಬ್‌ಹಾರ್ಟ್ ಎಂಬವರಿಗೆ. ಒಬ್ಬರ ಯಂತ್ರ ಕಂಡದ್ದನ್ನು ಇನ್ನೊಬ್ಬರ ಯಂತ್ರ ದೃಢಪಡಿಸಿತು. ಶೋಧದ ಕೀರ್ತಿಯನ್ನು ಈ ಮೂವರಿಗೂ ಸಲ್ಲಿಸಲಾಯಿತು. ತಪ್ಪಿನ ಭಯದಿಂದ ಮಾಡಿದ ಏರ್ಪಾಡು ಅಪರಿಚಿತರನ್ನು ಪಾಲುದಾರರನ್ನಾಗಿ ಮಾಡಿತು.

ಮುರಿಯುವುದು ಸದಸ್ಯರ ಮನೆಯ ಯಂತ್ರವೊಂದೇ ಎಂದು ತಿಳಿಯಬಾರದು. ಕೇಂದ್ರಕ್ಕೂ ಸಂಕಟಗಳು ಬರುತ್ತವೆ. 2015ರ ಸೆಪ್ಟೆಂಬರ್ 17ರಂದು ಅಮೆರಿಕದ ಸೆಂಟ್ರಲ್ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಕರ್ಟಿಸ್ ಕೂಪರ್ ಅವರು ನಡೆಸುತ್ತಿದ್ದ ಗಣಕವೊಂದು 2,23,38,618 ಅಂಕಿಗಳುಳ್ಳ ಅವಿಭಾಜ್ಯ ಸಂಖ್ಯೆಯನ್ನು ಕಂಡುಹಿಡಿದು ಗಿಂಪ್ಸ್ ಕೇಂದ್ರಕ್ಕೆ ವರದಿ ಮಾಡಿತು. ಆದರೆ ಆ ಸುದ್ದಿಯನ್ನು ಮನುಷ್ಯರಿಗೆ ತಿಳಿಸಬೇಕಾಗಿದ್ದ ಸಂದೇಶ ಹೊರಡಲೇ ಇಲ್ಲ. ಅದುವರೆಗೆ ದೊರೆತವುಗಳಲ್ಲೆಲ್ಲ ಅತಿ ದೊಡ್ಡದಾದ ಅವಿಭಾಜ್ಯ ಸಂಖ್ಯೆ ಮೂರೂವರೆ ತಿಂಗಳಿಗೂ ಮಿಕ್ಕಿ ಕೇಂದ್ರದ ಕಡತದಲ್ಲಿ ಮೂಕವಾಗಿ ಕುಳಿತಿತ್ತು. 2016ರ ಜನವರಿ 7ರಂದು ಯಾರೋ ಕಡತಗಳನ್ನು ಪರಿಶೀಲಿಸುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. ಶೋಧದ ದಿನವೆಂದು ದಾಖಲೆಯಲ್ಲಿ ಬರೆದದ್ದು ಈ ಜನವರಿ 7ನ್ನೇ. ಯಂತ್ರ ಕಂಡರೆ ಸಾಲದು. ಮನುಷ್ಯನು ಕಂಡಾಗಲೇ ಅದು ಶೋಧವೆನಿಸುತ್ತದೆ ಎಂಬ ತೀರ್ಮಾನ ಅರ್ಥಪೂರ್ಣವಾದುದು.

2020ರಲ್ಲಿ ಫೋಲ್ಡಿಂಗ್ ಅಟ್ ಹೋಮ್ ಯೋಜನೆಗೆ ಬಂದದ್ದು ಇದಕ್ಕೆ ವಿರುದ್ಧವಾದ ಕಷ್ಟ. ಸಹಾಯಕ್ಕೆ ಬಂದವರ ಸಂಖ್ಯೆ ಎಷ್ಟು ಹೆಚ್ಚಿತೆಂದರೆ, ಹಂಚಲು ಕೆಲವು ಕಾಲ ತುಣುಕುಗಳೇ ಸಾಲದೆ ಹೋದವು. ಉತ್ಸಾಹದಿಂದ ಯಂತ್ರವನ್ನು ಸಜ್ಜುಗೊಳಿಸಿದವರು ಕೈಕಟ್ಟಿ ಕಾಯಬೇಕಾಯಿತು. 2004ರಲ್ಲಿ ಐಬಿಎಂ ಸಂಸ್ಥೆ ಆರಂಭಿಸಿದ್ದ ‘ವರ್ಲ್ಡ್ ಕಮ್ಯೂನಿಟಿ ಗ್ರಿಡ್’ ಎಂಬ ಯೋಜನೆಯನ್ನು ಟೊರಾಂಟೊ ನಗರದ ಕ್ರೆಂಬಿಲ್ ಸಂಶೋಧನ ಸಂಸ್ಥೆ ವಹಿಸಿಕೊಂಡಾಗ, 2022ರಲ್ಲಿ ತಿಂಗಳುಗಟ್ಟಲೆ ಕೆಲಸ ನಿಂತಿತು. ಸೆಟಿ ಅಟ್ ಹೋಮ್ 2020ರ ಮಾರ್ಚ್ 31ರಂದು ಹೊಸ ತುಣುಕುಗಳನ್ನು ಹಂಚುವುದನ್ನು ನಿಲ್ಲಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಒಂದು ಉಕ್ಕಿನ ಹಗ್ಗ ತನ್ನ ಹಿಡಿಕೆಯಿಂದ ಕಳಚಿ, ನವೆಂಬರಿನಲ್ಲಿ ಇನ್ನೊಂದು ಕಡಿದು, ಡಿಸೆಂಬರ್ 1ರಂದು ಅರೆಸಿಬೊ ದೂರದರ್ಶಕದ ಮೇಲ್ಗಡೆಯ ಭಾರವೆಲ್ಲ ಕೆಳಗಿನ ಬಟ್ಟಲಿನ ಮೇಲೆ ಕುಸಿದುಬಿತ್ತು. ಇಪ್ಪತ್ತೊಂದು ವರ್ಷ ಆಕಾಶಕ್ಕೆ ಕಿವಿಗೊಟ್ಟ ಆ ಮಹಾಕಾರ್ಯದಲ್ಲಿ ಅನ್ಯಲೋಕದ ಸಂಕೇತವೆಂದು ಖಚಿತವಾಗಿ ಹೇಳುವಂಥದು ಯಾವುದೂ ಸಿಕ್ಕಲಿಲ್ಲ.

ಹಾಗಾದರೆ ಆ 50 ಲಕ್ಷ ಜನರ ದುಡಿಮೆ ವ್ಯರ್ಥವಾಯಿತೆ? ಆಗಲಿಲ್ಲ. ಹುಡುಕಿದ ಕಡೆ ಇಲ್ಲವೆಂದು ತಿಳಿಯುವುದೂ ವಿಜ್ಞಾನದಲ್ಲಿ ಒಂದು ತಿಳಿವಳಿಕೆಯೇ. ಅದಕ್ಕಿಂತ ಮಿಗಿಲಾಗಿ, ಆ ಯೋಜನೆಗಾಗಿ ರೂಪುಗೊಂಡ ಬಾಯಿಂಕ್ ತಂತ್ರಾಂಶವೇ ಪಲ್ಸಾರ್ ಶೋಧಕ್ಕೂ, ಹವಾಮಾನದ ಅಧ್ಯಯನಕ್ಕೂ, ರೋಗಗಳ ಸಂಶೋಧನೆಗೂ ದಾರಿಯಾಯಿತು. ಒಂದು ಗದ್ದೆಗೆಂದು ತೋಡಿದ ಕಾಲುವೆ ಹತ್ತು ಗದ್ದೆಗಳಿಗೆ ನೀರುಣಿಸಿದಂತಾಯಿತು.

ಇನ್ನು ತಂಡದ ಧರ್ಮವೇನೆಂಬುದನ್ನು ವಿಚಾರಿಸೋಣ. ತಂಡದಲ್ಲಿ ಅಂಕಗಳ ಪಟ್ಟಿಯಿರುವುದರಿಂದ ಒಂದು ದೋಷ ನುಸುಳುವ ಸಂಭವವಿದೆ. ನಿಂತುಹೋದವನಿಂದ ತಂಡದ ಸ್ಥಾನ ಕೆಳಗಿಳಿಯಿತೆಂದು ಉಳಿದವರು ಗೊಣಗತೊಡಗುತ್ತಾರೆ. ‘ಯಂತ್ರ ಯಾವಾಗ ಸರಿಯಾಗುತ್ತದೆ?’ ಎಂದು ಕೇಳುತ್ತಾರೆ, ‘ನೀವು ಹೇಗಿದ್ದೀರಿ?’ ಎಂದು ಕೇಳುವುದನ್ನು ಮರೆಯುತ್ತಾರೆ. ಕೇಂದ್ರದ ತಂತ್ರಾಂಶವು ಕಾರಣ ಕೇಳದೆ ತುಣುಕನ್ನು ಬೇರೊಬ್ಬರಿಗೆ ಕೊಡುತ್ತದೆ. ಅದು ಯಂತ್ರಕ್ಕೆ ಒಪ್ಪುವ ಔದಾರ್ಯ. ಆದರೆ ಮನುಷ್ಯನು ಅಷ್ಟಕ್ಕೇ ನಿಲ್ಲಬಾರದು. ತುಣುಕನ್ನು ಬೇರೊಬ್ಬರು ಮಾಡಬಹುದು. ಜೊತೆಗಾರನ ಕ್ಷೇಮವನ್ನು ವಿಚಾರಿಸುವ ಕೆಲಸವನ್ನು ಜೊತೆಗಾರನೇ ಮಾಡಬೇಕು. ಅತ್ತಿಗುಪ್ಪೆಯ ಆ ಮನೆಯಲ್ಲಿ ತಂದೆಯ ಹಾಸಿಗೆಯ ಪಕ್ಕದಲ್ಲಿ ಕುಳಿತವನಿಗೆ ಧಾರವಾಡದಿಂದ ಬಂದ ಎರಡು ಸಾಲಿನ ಓಲೆ, ಹೊಸ ಹಾರ್ಡ್ ಡಿಸ್ಕಿಗಿಂತ ಹೆಚ್ಚಿನದು.

ಶಾಲೆಯಲ್ಲಿ ಪಾಠ ಹೇಳಿದವರೆಲ್ಲರಿಗೂ ಒಂದು ದೃಶ್ಯ ಪರಿಚಿತ. ಸುಗ್ಗಿಯ ಕಾಲದಲ್ಲೋ ಮನೆಯ ತೊಂದರೆಯಿಂದಲೋ ತಿಂಗಳುಗಟ್ಟಲೆ ಬಾರದಿದ್ದ ಹುಡುಗ ಒಂದು ಬೆಳಗ್ಗೆ ಬಾಗಿಲ ಬಳಿ ಬಂದು ನಿಲ್ಲುತ್ತಾನೆ. ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿದೆಯೋ ಇಲ್ಲವೋ ಎಂಬ ಅಳುಕು ಅವನ ಮುಖದಲ್ಲಿರುತ್ತದೆ. ಉಪಾಧ್ಯಾಯರು ಎಂದಿನಂತೆ ಅವನ ಹೆಸರನ್ನು ಕೂಗಿದರೆ ಆ ಅಳುಕು ಮಾಯವಾಗುತ್ತದೆ. ಪಕ್ಕದ ಹುಡುಗ ಸರಿದು ಜಾಗ ಕೊಟ್ಟು, ಬಿಟ್ಟುಹೋದ ಪಾಠದ ಟಿಪ್ಪಣಿಯನ್ನು ಮುಂದಿಟ್ಟರಂತೂ ಅವನು ಮತ್ತೆ ತರಗತಿಯವನೇ. ಹೆಸರನ್ನು ಅಳಿಸದಿರುವುದು ಒಂದು ಚಿಕ್ಕ ಕೆಲಸ. ಅದರಿಂದ ಒಬ್ಬನ ವಿದ್ಯೆ ಉಳಿಯಬಹುದು.

ನಿಲ್ಲಿಸುವವನಿಗೂ ಒಂದು ಕರ್ತವ್ಯವುಂಟು. ನಿಲ್ಲಿಸಬೇಕಾಗಿ ಬಂದಾಗ ಹೇಳಿ ನಿಲ್ಲಿಸುವುದು ಲೇಸು. ಹೊಸ ತುಣುಕುಗಳನ್ನು ಪಡೆಯುವುದನ್ನು ಮೊದಲು ನಿಲ್ಲಿಸಿ, ಕೈಯಲ್ಲಿರುವುದನ್ನು ಮುಗಿಸಿ, ಮುಗಿಸಲಾಗದಿದ್ದರೆ ಹಿಂದಿರುಗಿಸಿ ಹೊರಟರೆ ಗಡುವಿನ ದಿನದವರೆಗೆ ಯಾರೂ ಕಾಯಬೇಕಾಗಿಲ್ಲ. ಇದಕ್ಕೆ ಬಾಯಿಂಕ್ ತಂತ್ರಾಂಶದಲ್ಲೇ ಅನುಕೂಲವಿದೆ. ಸೆಕೆಯಿಂದ ಕಾದು ತಪ್ಪು ಮಾಡುತ್ತಿರುವ ಯಂತ್ರವನ್ನು ಹಠದಿಂದ ಓಡಿಸುವುದಕ್ಕಿಂತ ಅದನ್ನು ನಿಲ್ಲಿಸಿ ‘ನನ್ನಿಂದ ಸದ್ಯಕ್ಕೆ ಆಗದು’ ಎನ್ನುವುದು ಹೆಚ್ಚು ಪ್ರಾಮಾಣಿಕವಾದುದು. ದೇಹ ಬಳಲಿದಾಗ, ಮನೆ ಕಷ್ಟದಲ್ಲಿದ್ದಾಗ ಮನುಷ್ಯನಿಗೂ ಇದೇ ಮಾತು ಸಲ್ಲುತ್ತದೆ. ಹೀಗೆ ಹೇಳುವುದರಲ್ಲಿ ಅವಮಾನವಿಲ್ಲ.

ಅಮೆರಿಕದ ಟೆನೆಸಿ ರಾಜ್ಯದ ಜಾನಥನ್ ಪೇಸ್ ಎಂಬವರು 14 ವರ್ಷಗಳ ಕಾಲ ಗಿಂಪ್ಸ್ ಯೋಜನೆಯಲ್ಲಿ ಒಂದಾದ ಮೇಲೊಂದರಂತೆ ಸಂಖ್ಯೆಗಳನ್ನು ಪರೀಕ್ಷಿಸುತ್ತ ಬಂದರು. 2017ರ ಡಿಸೆಂಬರ್ 26ರಂದು ಅವರ ಯಂತ್ರಕ್ಕೆ 2,32,49,425 ಅಂಕಿಗಳ ಅವಿಭಾಜ್ಯ ಸಂಖ್ಯೆ ದೊರೆಯಿತು. ಅವರ ಹೆಸರು ಪತ್ರಿಕೆಗಳಲ್ಲಿ ಬಂದಿತು. ಆದರೆ ಅದೇ 14 ವರ್ಷಗಳಲ್ಲಿ ಸಾವಿರಾರು ಜನ ‘ಈ ಸಂಖ್ಯೆ ಅವಿಭಾಜ್ಯವಲ್ಲ’ ಎಂಬ ಉತ್ತರವನ್ನೇ ಮತ್ತೆ ಮತ್ತೆ ಕಳುಹಿಸಿದ್ದರು. ಅವರಲ್ಲಿ ಕೆಲವರ ಯಂತ್ರ ಕೆಟ್ಟಿತು. ಕೆಲವರ ಮನೆಯಲ್ಲಿ ಕಷ್ಟ ಬಂತು. ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ. ಅವರೆಲ್ಲರೂ ಅಲ್ಲವೆಂದು ಖಚಿತಪಡಿಸಿದ ಸಂಖ್ಯೆಗಳನ್ನು ಮತ್ತಾರೂ ಹುಡುಕಬೇಕಾಗಿರಲಿಲ್ಲ. ಸಿಕ್ಕಿದವನ ಕೈಯಲ್ಲಿ ಸಿಕ್ಕದವರ ಶ್ರಮವೂ ಇರುತ್ತದೆ.

ನೀವು ಮುಂದೆ ಗಣಕಯಂತ್ರದ ಮುಂದೆ ಕೂರಬಹುದು, ಗದ್ದೆಯಲ್ಲಿ ದುಡಿಯಬಹುದು, ಊರಿನ ಸಂಘವನ್ನೋ ಗ್ರಂಥಾಲಯವನ್ನೋ ಕಟ್ಟಬಹುದು. ಎಲ್ಲಿದ್ದರೂ ಕೆಲಸವನ್ನು ಹಂಚುವಾಗ ಯಾರೋ ಒಬ್ಬರು ನಡುವೆ ನಿಲ್ಲಬೇಕಾಗಿ ಬರುತ್ತದೆಂದು ಮೊದಲೇ ಎಣಿಸಿ ಹಂಚಿರಿ. ಆ ಒಬ್ಬರು ಒಂದು ದಿನ ನೀವೇ ಆಗಿರಬಹುದು. ಆಗ ನಿಮ್ಮ ಪಾಲಿನ ಕಡ್ಡಿಯನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ; ಹೊರೆ ಮುಂದೆ ಸಾಗುತ್ತದೆ. ನೀವು ಚೇತರಿಸಿಕೊಂಡು ಬಂದಾಗ, ಪಟ್ಟಿಯಲ್ಲಿ ನಿಮ್ಮ ಹೆಸರು ಇದ್ದಲ್ಲಿಯೇ ಇರಬೇಕು.